ಎರಡನೇ ಸಲದ ರಕ್ತ

ದೆಹಲಿಯ ಸಂಶೋಧನಾ ಮಂಡಳಿಯಿಂದ ಕಾಗದ ಬಂದದ್ದು ೧೯೭೯ರ ದೀಪಾವಳಿ ಕಳೆದ ವಾರ. ಮುದ್ದಿನಕಟ್ಟೆ ಆರೋಗ್ಯ ಕೇಂದ್ರದ ಡಾಕ್ಟರ್ ಓಂಕಾರಮೂರ್ತಿ ಅದನ್ನು ಒಂದು ಸಲ ನಿಂತುಕೊಂಡು ಓದಿದರು, ಇನ್ನೊಂದು ಸಲ ಕೂತು ಓದಿದರು. ಎರಡು ವರ್ಷ ಅಲೆದಾಡಿ ಬರೆದ ಪ್ರಸ್ತಾವವನ್ನು ಮಂಡಳಿ ಒಪ್ಪಿರಲಿಲ್ಲ.

ಎಮ್ಮೆದೊಡ್ಡಿ ಕಾವಲಿನ ಸುತ್ತ ದನ ಕಾಯುವವರಿಗೆ ಒಂದು ಜ್ವರ ಬರುತ್ತಿತ್ತು. ಸಂಜೆ ಏರುವುದು, ಬೆಳಗಾಗುವ ಹೊತ್ತಿಗೆ ಕಂಬಳಿ ನೆನೆಯುವಷ್ಟು ಬೆವರಾಗಿ ಇಳಿಯುವುದು, ವಾರ ಬಿಟ್ಟು ಮತ್ತೆ ಹಿಡಿಯುವುದು. ಸೊಂಟ, ಕೀಲು ಕಿತ್ತುಬರುವ ನೋವು. ತರೀಕೆರೆಯಲ್ಲಿ ತೋರಿಸಿದರೆ ಮಲೇರಿಯಾ ಎನ್ನುತ್ತಿದ್ದರು, ಅಜ್ಜಂಪುರದಲ್ಲಿ ಟೈಫಾಯ್ಡ್. ಹಸುಗಳು ತಿಂಗಳು ತುಂಬುವ ಮೊದಲೇ ಕಂದು ಹಾಕುವ ರೋಗವಿದೆಯಲ್ಲ, ಅದೇ ಮನುಷ್ಯರಿಗೂ ಹತ್ತುತ್ತಿದೆ ಎಂದು ಓಂಕಾರಮೂರ್ತಿಗಳಿಗೆ ಖಾತ್ರಿಯಾಗಿತ್ತು. ಆದರೆ ಮಂಡಳಿಯವರು ಬರೆದದ್ದರಲ್ಲಿ ತಪ್ಪು ಹುಡುಕಲೂ ಆಗುವಂತಿರಲಿಲ್ಲ. ಒಂದೇ ಸಲ ತೆಗೆದ ರಕ್ತ ಹಳೆಯ ಸೋಂಕನ್ನೂ ತೋರಿಸಬಹುದು. ಮೂರು ವಾರದ ಅಂತರದಲ್ಲಿ ಎರಡು ಸಲ ತೆಗೆದು, ರಕ್ತದಲ್ಲಿ ಈ ರೋಗದ ವಿರುದ್ಧ ಹುಟ್ಟುವ ನಿರೋಧಕ ಅಂಶದ ಏರಿಕೆ ತೋರಿಸಿ. ದನ ಮುಟ್ಟದವರ ರಕ್ತವನ್ನೂ ಹೋಲಿಸಿ. ಎಷ್ಟು ಜನರನ್ನು ನೋಡುತ್ತೀರಿ, ಅಷ್ಟೇ ಜನ ಏಕೆ ಎಂಬುದನ್ನು ಲೆಕ್ಕಶಾಸ್ತ್ರದಿಂದ ತಿಳಿಸಿ.

ಹೋಲಿಕೆಗೆ ತರೀಕೆರೆಯ ಅಕ್ಕಿ ಗಿರಣಿಯ ಆಳುಗಳು ಸಿಕ್ಕರು. ಲೆಕ್ಕವನ್ನು ಪುಸ್ತಕ ಇಟ್ಟುಕೊಂಡು ಡಾಕ್ಟರು ತಾವೇ ಕಲಿತರು. ಉಳಿದದ್ದು ಜೋಡಿ ರಕ್ತ. ಹೊಸದಾಗಿ ಜ್ವರ ಹಿಡಿದವನೊಬ್ಬ ಬೇಕಾಗಿತ್ತು.

ಡಿಸೆಂಬರಿನಲ್ಲಿ ಸಣ್ಣಬೀರಪ್ಪ ಬಂದ. ಮೂವತ್ತರ ಆಳು, ಕಾವಲಿನಲ್ಲಿ ದನ ಮೇಯಿಸುವವನು. ಹಸು ಈಯುವಾಗ ಕರು ಅಡ್ಡ ಬಂದರೆ ಸುತ್ತಲ ಹಟ್ಟಿಯವರೆಲ್ಲ ಅವನನ್ನೇ ಕರೆಯುತ್ತಿದ್ದರು. ಒಳಗೆ ಕೈ ಹಾಕಿ ತಿರುಗಿಸಿ ಎಳೆಯುವ ಹದ ಅವನಿಗೆ ಗೊತ್ತಿತ್ತು. ಹೆಂಡತಿ ದ್ಯಾಮಮ್ಮ ಅವನ ತೋಳು ಹಿಡಿದುಕೊಂಡೇ ಒಳಗೆ ಬಂದಳು.

"ಹತ್ತು ದಿನ ಆಯ್ತು ಸ್ವಾಮಿ, ಎದ್ದು ನಿಂತ್ರೆ ಕಾಲು ನಡುಗ್ತವೆ," ಎಂದಳು.

ನರ್ಸ್ ಸುಲೋಚನಮ್ಮ ರಕ್ತ ತೆಗೆದರು. ಸೀಸೆಯನ್ನು ಥರ್ಮಾಸಿನಲ್ಲಿ ಐಸಿನ ಜೊತೆ ಇಟ್ಟು ಬೆಂಗಳೂರಿನ ಬಸ್ಸಿಗೆ ಕೊಟ್ಟರು. ಐದನೇ ದಿನ ಅಲ್ಲಿನ ಪ್ರಯೋಗಾಲಯದಿಂದ ಬಂದ ಫಲಿತಾಂಶ ಹೌದೆಂದೂ ಹೇಳುತ್ತಿರಲಿಲ್ಲ, ಅಲ್ಲವೆಂದೂ ಹೇಳುತ್ತಿರಲಿಲ್ಲ. ಆದರೆ ಡಾಕ್ಟರ ಮನಸ್ಸಿನಲ್ಲಿ ಅನುಮಾನವೇನೂ ಇರಲಿಲ್ಲ. ಮಾತ್ರೆ, ಇಂಜೆಕ್ಷನ್ ಎರಡೂ ಬೀರುವಿನಲ್ಲಿದ್ದವು.

"ಶುರು ಮಾಡೋಣ್ವಾ ಸಾರ್?" ಸುಲೋಚನಮ್ಮ ಬೀರುವಿನ ಬೀಗದಕೈ ಹಿಡಿದು ಕೇಳಿದರು.

"ಎರಡನೇ ಸಲ ರಕ್ತ ತೆಗೆಯೋವರೆಗೂ ತಡೀರಿ. ಈಗ್ಲೇ ಕೊಟ್ಟರೆ ಏರಿಕೆ ಕಾಣಿಸದೇ ಹೋಗಬಹುದು. ಇನ್ನು ಎರಡು ವಾರ ಚಿಲ್ಲರೆ."

"ಅವನಿಗೆ ಹೇಳ್ಬೇಕಲ್ವಾ ಸಾರ್?"

"ಹೇಳಿದ್ರೆ ಏನು ಅರ್ಥ ಆಗುತ್ತೆ ಸುಲೋಚನಮ್ಮ? ಈ ಜ್ವರದಲ್ಲಿ ಯಾರೂ ಸಾಯಲ್ಲ. ಇವನೊಬ್ಬನ ರಕ್ತದಿಂದ ನೂರು ಜನಕ್ಕೆ ದಾರಿ ಆಗುತ್ತೆ."

ಆಕೆ ಬೀಗದಕೈ ಮೊಳೆಗೆ ತೂಗುಹಾಕಿದರು. ಮತ್ತೆ ತೋರಿಸಲು ಬಂದ ಸಣ್ಣಬೀರಪ್ಪನಿಗೆ ಜ್ವರ ಇಳಿಸುವ ಮಾತ್ರೆ, ಒಂದು ಟಾನಿಕ್ಕು ಸಿಕ್ಕಿತು. ಅವನು ಡಾಕ್ಟರಿಗೆ ಕೈಮುಗಿದು ಹೋದ.

ಇಪ್ಪತ್ತೆರಡನೇ ದಿನ ಅವನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದರು. ರಕ್ತ ತೆಗೆದದ್ದಾಯಿತು. ಆಮೇಲೆ ಎದೆಗೆ ಸ್ಟೆತಸ್ಕೋಪು ಇಟ್ಟ ಡಾಕ್ಟರು ಅದನ್ನು ತೆಗೆಯಲೇ ಇಲ್ಲ. ಹಿಂದೆ ಇಲ್ಲದ ಸದ್ದೊಂದು ಪ್ರತಿ ಬಡಿತದ ಜೊತೆ ಊದುತ್ತಿತ್ತು. ರೋಗ ಎದೆಗುಂಡಿಗೆಗೆ ಇಳಿದಿತ್ತು. ಕೈಯಾರೆ ಇಂಜೆಕ್ಷನ್ ಕೊಟ್ಟರು, ಮಾತ್ರೆ ನುಂಗಿಸಿದರು, ಒಂಬತ್ತು ದಿನ ಮನೆಗೆ ಹೋಗದೆ ಅವನ ಮಂಚದ ಪಕ್ಕದಲ್ಲೇ ಇದ್ದರು. ಉಸಿರಿಗೆ ಕಷ್ಟವಾದಾಗ ಬಾಡಿಗೆ ವ್ಯಾನು ಮಾಡಿ ಶಿವಮೊಗ್ಗಕ್ಕೆ ಹೊರಟರು. ತರೀಕೆರೆ ದಾಟಿ ಸ್ವಲ್ಪ ದೂರ ಹೋಗಿದ್ದರು. ದ್ಯಾಮಮ್ಮ "ಯಾಕೋ ತಣ್ಣಗಾಗ್ತಾವ್ನೆ ಸ್ವಾಮಿ" ಎಂದಳು. ವ್ಯಾನು ಅಲ್ಲಿಂದಲೇ ತಿರುಗಿತು.

ಮಣ್ಣು ಮಾಡಿದ ನಾಲ್ಕನೇ ದಿನ ಬೆಂಗಳೂರಿನ ಲಕೋಟೆ ಬಂತು. ಮೊದಲ ರಕ್ತಕ್ಕಿಂತ ಎರಡನೆಯದರಲ್ಲಿ ಎಂಟು ಪಟ್ಟು ಏರಿಕೆ. ದೆಹಲಿಯವರು ಕೇಳಿದ್ದು ಇದನ್ನೇ. ಓಂಕಾರಮೂರ್ತಿಗಳು ಆ ಹಾಳೆಯನ್ನು ಫೈಲಿಗೆ ಸೇರಿಸಲಾರದೆ, ಹರಿಯಲಾರದೆ ತಿಂಗಳು ಕಳೆದರು. ಮೊದಲ ದಿನವೇ ಮದ್ದು ಕೊಟ್ಟಿದ್ದರೆ ಉಳಿಯುತ್ತಿದ್ದನೇ? ಯಾವ ಪುಸ್ತಕವೂ ಖಂಡಿತವಾಗಿ ಹೇಳಲಿಲ್ಲ. ಹಾಗೆ ಖಂಡಿತವಾಗದೇ ಉಳಿದದ್ದೇ ಅವರನ್ನು ಹೆಚ್ಚು ನೋಯಿಸಿತು.

ಕೊನೆಗೆ ಒಂದು ಬೆಳಗ್ಗೆ ಹಟ್ಟಿಗೆ ನಡೆದು ಹೋದರು. ದ್ಯಾಮಮ್ಮ ಚಾಪೆ ಹಾಸಿದಳು. ಅವರು ಕೂರಲಿಲ್ಲ. ಬೀರುವಿನಲ್ಲಿ ಮದ್ದು ಇದ್ದದ್ದು, ತಾವು ತಡೆದದ್ದು, ಏಕೆ ತಡೆದದ್ದು, ಎಲ್ಲವನ್ನೂ ಹೇಳಿದರು. ಆಕೆ ಗೋಡೆಗೆ ಒರಗಿ ಕೂತು ಕೇಳಿದಳು.

"ಅವತ್ತೇ ನನ್ನ ಕೇಳಿದ್ರೆ ನಾನು ಒಪ್ತಿರಲಿಲ್ಲ."

"ಗೊತ್ತು ಕಣಮ್ಮ."

"ಅದಕ್ಕೇ ಕೇಳ್ಲಿಲ್ಲ, ಅಲ್ವಾ?"

ಡಾಕ್ಟರು ಹೌದೆಂದರು. ಹೊರಗೆ ಯಾರೋ ದನ ಬಿಚ್ಚುತ್ತಿದ್ದರು. ಆಮೇಲೆ ಡಾಕ್ಟರೇ ಹೇಳಿದರು: "ಅವನ ರಕ್ತದ ವಿಷ್ಯ ದೆಹಲಿಗೆ ಬರೀಬೇಕು. ನೀನು ಬೇಡ ಅಂದ್ರೆ ಬರೆಯಲ್ಲ."

"ಬರೆದ್ರೆ ಮಿಕ್ಕೋರಿಗೆ ಮದ್ದು ಸಿಗ್ತದಾ?"

"ಸಿಗಬಹುದು. ಖಂಡಿತ ಅಂತ ಹೇಳಲ್ಲ."

"ಹಂಗಾದ್ರೆ ಬರ್ಕಳಿ. ಕಾಯಿಸಿದ್ದನ್ನೂ ಬರೀರಿ," ಎಂದಳು. "ಇನ್ನು ಹೋಗಿ ಸ್ವಾಮಿ."

ಹೊಸ ಪ್ರಸ್ತಾವವನ್ನು ಅವರು ಕಡೂರಿನಲ್ಲಿ ಟೈಪ್ ಮಾಡಿಸಿದರು. ಉದ್ದೇಶ, ಹೋಲಿಕೆಯ ಗುಂಪು, ಜನರ ಲೆಕ್ಕ ಎಲ್ಲವೂ ಈ ಸಲ ಗಟ್ಟಿಯಾಗಿದ್ದವು. ಆರನೇ ಪುಟದಲ್ಲಿ ಒಬ್ಬ ರೋಗಿಗೆ ಇಪ್ಪತ್ತೆರಡು ದಿನ ಚಿಕಿತ್ಸೆ ತಡೆದದ್ದನ್ನೂ, ಅವನು ಸತ್ತದ್ದನ್ನೂ, ತಡೆದವರು ತಾವೇ ಎಂಬುದನ್ನೂ ಬರೆದರು. ಅದರ ಕೆಳಗೆ: ಅನುಮಾನ ಬಂದ ದಿನವೇ ಮದ್ದು ಆರಂಭಿಸಲಾಗುವುದು, ರಕ್ತದ ಫಲಿತಾಂಶ ಕೆಟ್ಟರೆ ಕೆಡಲಿ, ರೋಗಿಗೆ ಅವನ ಭಾಷೆಯಲ್ಲಿ ತಿಳಿಸಿ ಒಪ್ಪಿಗೆ ಪಡೆಯದೆ ಸೂಜಿ ಚುಚ್ಚುವುದಿಲ್ಲ. ಓದಿ ನೋಡಿದ ಸುಲೋಚನಮ್ಮ, "ಇದನ್ನ ನೋಡಿ ನಿಮ್ಮ ಕೆಲ್ಸಕ್ಕೇ ಕುತ್ತು ತಂದ್ರೆ ಸಾರ್?" ಎಂದರು. ನಾನೂ ಬೀಗದಕೈ ತೂಗುಹಾಕಿದವಳೇ, ನನ್ನ ಹೆಸರನ್ನೂ ಸೇರಿಸಿ ಎಂದೂ ಕೇಳಿಕೊಂಡರು. ಡಾಕ್ಟರು ಸೇರಿಸಲಿಲ್ಲ.

ಇಲಾಖೆಯಿಂದ ವಿಚಾರಣೆ ನಡೆಯಿತು, ಅವರಿಗೆ ಬರಬೇಕಿದ್ದ ಬಡ್ತಿ ನಿಂತಿತು. ೧೯೮೧ರಲ್ಲಿ ಮಂಡಳಿ ಪ್ರಸ್ತಾವವನ್ನು ಒಪ್ಪಿತು. ಒಪ್ಪಿಗೆಯ ಕಾಗದವನ್ನು ಓಂಕಾರಮೂರ್ತಿಗಳು ಯಾರಿಗೂ ತೋರಿಸಲಿಲ್ಲ.

ಕೆಲಸ ಶುರುವಾದ ಎರಡನೇ ತಿಂಗಳು ದ್ಯಾಮಮ್ಮ ಜ್ವರ ಹಿಡಿದಿದ್ದ ತನ್ನ ಮೈದುನನನ್ನು ಕರೆತಂದಳು. ಡಾಕ್ಟರು ಎದ್ದು ನಿಂತರು. ಆಕೆ ಅವರತ್ತ ನೋಡದೆ ಸುಲೋಚನಮ್ಮನ ಮಗ್ಗುಲಿಗೆ ಹೋದಳು.

"ಮದ್ದು ಇವತ್ತೇ ಕೊಡ್ತೀರಾ ನರ್ಸಮ್ಮ?"

"ಇವತ್ತೇ ಕಣಮ್ಮ. ಈಗ್ಲೇ."

ಇಂಜೆಕ್ಷನ್ ಹಾಕಿ, ಮಾತ್ರೆ ನುಂಗಿಸುವವರೆಗೂ ಆಕೆ ಅಲ್ಲೇ ನಿಂತಿದ್ದಳು. ಆಮೇಲೆ ಮೈದುನನ ಕಂಬಳಿ ಸರಿಮಾಡಿ ಹೊದಿಸಿ, ಅವನ ತೋಳು ಹಿಡಿದು ಮೆಟ್ಟಿಲು ಇಳಿಸಿದಳು. ಓಂಕಾರಮೂರ್ತಿಗಳು ಕಿಟಕಿಯ ಹತ್ತಿರ ಬಂದರು. ಅವರಿಬ್ಬರೂ ಬಿಸಿಲಲ್ಲಿ, ಕಾವಲಿನ ಹಾದಿಯಲ್ಲಿ, ಅಲ್ಲಲ್ಲಿ ನಿಂತು ಸುಧಾರಿಸಿಕೊಳ್ಳುತ್ತ ನಡೆದು ಹೋದರು.