ಯಾರೂ ಇಲ್ಲದ ಖೋಲಿ

"ಏ ದುರಗಿ, ನಿನ್ನ ಚಿಂದಿ ಎಲ್ಲಾ ಒಳಗ ತುರುಕಿ ಕದಾ ಹಾಕ. ಮೊಬೈಲ್ ತರಂಗ ಅಳತಿ ಮಾಡೂ ಸಾಹೇಬ್ರು ಬಂದಾರ. ಇಲ್ಲಿ ಮಂದಿ ಅದಾರಂತ ಗೊತ್ತಾದ್ರ ಆಂಟೆನಾ ಕೀಳಸ್ತಾರ. ಬಾಯಿ ಬಿಟ್ಟಿ ಅಂದ್ರ ಕಾಲ ಮುರೀತೇನಿ!"

ಹಗ್ಗದ ಮೇಲಿನ ಹಸಿ ಅರಿವೆಗಳನ್ನು ದುರಗವ್ವ ಬಾಚಿಕೊಂಡಳು. ಬೈದವನು ಸಪ್ತಾಪುರದ ಆ ಅಪಾರ್ಟ್‌ಮೆಂಟಿನ ಮಾಲೀಕ ಶಿವಯೋಗೀಶ. ಅವಳ ಗಂಡ ನೀಲಪ್ಪ ಅಲ್ಲಿಯ ವಾಚ್‌ಮನ್. ಟೆರೇಸಿನ ತಗಡಿನ ಖೋಲಿಯಲ್ಲಿ ಗಂಡ, ಹೆಂಡತಿ, ಹಾಲು ಬಿಡದ ಹೆಣ್ಣುಕೂಸು. ಹೋದ ವರ್ಷ ಶಿವಯೋಗೀಶ ಟೆರೇಸನ್ನು ಮೊಬೈಲ್ ಕಂಪನಿಗೆ ಬಾಡಿಗೆಗೆ ಕೊಟ್ಟ ಮೇಲೆ ಅವರ ಬಾಗಿಲಿಗೆ ಎದುರಾಗಿಯೇ ಆಂಟೆನಾ ಬಂದು ನಿಂತಿದ್ದವು.

ಆಂಟೆನಾದ ತರಂಗ ಅಳೆದು ನೋಡಿರೆಂದು ಅರ್ಜಿ ಕೊಟ್ಟವಳು ಮೂರನೇ ಮಹಡಿಯ ನಿರುಪಮಾ. ಅಧಿಕಾರಿ ಬಾಳಕೃಷ್ಣ ಮೀಟರು ಹಿಡಿದು ಅವಳ ಮನೆಯಲ್ಲೆಲ್ಲ ಸುತ್ತಿದ. ಮೆಟ್ಟಿಲು ಒರೆಸುತ್ತಿದ್ದ ದುರಗವ್ವನಿಗೆ ತೆರೆದ ಬಾಗಿಲಿನಿಂದ ಎಲ್ಲವೂ ಕಾಣುತ್ತಿತ್ತು. ಅಡುಗೆಮನೆ, ಬಾಲ್ಕನಿ, ಕಡೆಗೆ ತೊಟ್ಟಿಲು.

"ಕೂಸಿನ ತಲಿ ಹಂತ್ಯಾಕ ಇನ್ನೊಮ್ಮೆ ನೋಡ್ರಿ," ಅಂದಳು ನಿರುಪಮಾ.

ಅವನು ಮೊಣಕಾಲೂರಿ ಮತ್ತೊಮ್ಮೆ ಅಳೆದ. "ಮಿತಿಯೊಳಗ ಅದ ರೀ ಮೇಡಂ. ಅಂಜಬ್ಯಾಡ್ರಿ."

ಈಗ ಮೇಲಕ್ಕೂ ಬರುತ್ತಾನೆ, ತನ್ನ ಕೂಸಿನ ಹತ್ತಿರವೂ ಹಿಡಿಯುತ್ತಾನೆ ಅಂದುಕೊಂಡು ದುರಗವ್ವ ಬಕೀಟು ಅಲ್ಲೇ ಬಿಟ್ಟು ಟೆರೇಸಿಗೆ ಓಡಿದಳು.

ಬಾಳಕೃಷ್ಣ ಬಂದವನೇ ಖೋಲಿಯ ಕಡೆ ಕೈ ಮಾಡಿದ. "ಇಲ್ಲೆ ಯಾರರೆ ಇರ್ತಾರೇನ್ರಿ?"

"ಯಾರೂ ಇಲ್ರಿ. ಹಳೀ ಸಾಮಾನ ಇಡೂ ಖೋಲಿ," ಅಂದ ಶಿವಯೋಗೀಶ.

ಒಳಗೆ ಕೂಸು ಅತ್ತಿತು. ಬಾಳಕೃಷ್ಣ ಶಿವಯೋಗೀಶನ ಮುಖ ನೋಡಿದ. ಶಿವಯೋಗೀಶ ಅವನ ಹೆಗಲ ಮೇಲೆ ಕೈಯಿಟ್ಟು, "ಕೆಳಗ ನಮ್ಮನ್ಯಾಗ ಚಾ ಕುಡ್ಯೂಣು ಬರ್ರಿ," ಅಂದ. ಮೀಟರು ಚೀಲ ಸೇರಿತು.

ದುರಗವ್ವ ಅಡ್ಡ ನಿಂತಳು. "ನಮ್ಮ ಖೋಲ್ಯಾಗೂ ಹಿಡೀರಿ ಸಾಹೇಬ್ರ. ಅಳೂ ಕೂಸು ಸಾಮಾನೇನ್ರಿ?"

"ಹಾದಿ ಬಿಡ ರಂಡಿ!" ಶಿವಯೋಗೀಶ ತಳ್ಳಿದ ರಭಸಕ್ಕೆ ಅವಳ ಮೊಣಕೈ ಗೋಡೆಗೆ ತರಚಿ ರಕ್ತ ಬಂತು. ಸಾಹೇಬನ ಚೀಲ ಹೊತ್ತು ನಿಂತಿದ್ದ ನೀಲಪ್ಪ ತಲೆ ತಗ್ಗಿಸಿ, "ಸುಮ್ನಿರ. ಇರೂ ನೆಳ್ಳೂ ಹೋಗ್ತೈತಿ," ಎಂದು ಗೊಣಗಿ ಅವರ ಹಿಂದೆ ಇಳಿದ.

ಅವಳು ಸುಮ್ಮನಿರಲಿಲ್ಲ. ಕೂಸನ್ನು ಬಗಲಿಗೆತ್ತಿಕೊಂಡು, ಕೌದಿ ಚಾಪೆಗಳನ್ನು ತಲೆಗೇರಿಸಿಕೊಂಡು ಇಳಿದಳು. ಶಿವಯೋಗೀಶನ ಮನೆಗೆ ಕೆಲಸದವರು ಹಿತ್ತಲ ಕಡೆಯಿಂದಲೇ ಬರಬೇಕು. ದುರಗವ್ವ ಮುಂಬಾಗಿಲಿನಿಂದ ನುಗ್ಗಿ, ಚಹಾ ಕುಡಿಯುತ್ತಿದ್ದ ಇಬ್ಬರ ನಡುವೆ ಕೌದಿ ಹಾಸಿ ಕೂಸನ್ನು ಮಲಗಿಸಿದಳು.

"ಮ್ಯಾಲೆ ಯಾರೂ ಇಲ್ಲಂದ್ರೆಲ್ಲಾ, ಖರೇ ಐತಿ ತಗೋರಿ. ಇವತ್ತಿನಿಂದ ನಾವು ಇಲ್ಲೇ ಇರಾವ್ರು."

"ಪೊಲೀಸರನ್ನ ಕರೀತೇನಿ!" ಶಿವಯೋಗೀಶ ಫೋನು ಎತ್ತಿದ.

"ಕರೀರಿ. ನಾವು ಇಷ್ಟ ದಿನ ಎಲ್ಲಿದ್ವಿ ಅಂತ ಮೊದ್ಲ ಕೇಳ್ತಾರ. ಏನ ಹೇಳ್ತೀರಿ?"

ಶಿವಯೋಗೀಶ ಫೋನನ್ನು ಮತ್ತೆ ಕಿಸೆಗೆ ಹಾಕಿಕೊಂಡ. ಬಾಳಕೃಷ್ಣ ಕಪ್ಪು ಕೆಳಗಿಟ್ಟ.

ಹೊರಗೆ ನಿಂತಿದ್ದ ನೀಲಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಮೆಟ್ಟಿಲು ಹತ್ತಿಹೋದವನು ಟ್ರಂಕು ಹೊತ್ತು ಮರಳಿದ. ಹೊಸ್ತಿಲಲ್ಲಿ ಒಂದು ಗಳಿಗೆ ತಡೆದ. ಆಮೇಲೆ ಚಪ್ಪಲಿ ಕಳಚದೆ ಒಳಗೆ ಬಂದು, ಟ್ರಂಕನ್ನು ನೆಲದ ಹೊಳೆಯುವ ಕಲ್ಲಿನ ಮೇಲೆ ದಡಕ್ಕನೆ ಇಳಿಸಿದ.

"ಕೂಸಿಗೆ ಹಾಲ ಕುಡಸ," ಎಂದು ಹೆಂಡತಿಗೆ ಹೇಳಿ, ಸಾಹೇಬನ ಪಕ್ಕ ಸೋಫಾದ ಮೇಲೆ ಕೂತ.