ಬೀಳದ ಕಾಯಿ

ನಾನು ಬೀಳುವುದಕ್ಕೆಂದೇ ಹುಟ್ಟಿದವನು. ಮರದ ಚೆಂಡೊಂದು ಉರುಳಿಕೊಂಡು ಬರಬೇಕು, ನನಗೆ ತಾಗಬೇಕು, ನಾನು ದೊಪ್ಪನೆ ಬೀಳಬೇಕು, ಮಗು ಚಪ್ಪಾಳೆ ತಟ್ಟಬೇಕು. ನನ್ನ ಉದ್ಯೋಗ ಇಷ್ಟೇ ಎಂದು ನಾನು ಹುಟ್ಟುವ ಮೊದಲೇ ತೀರ್ಮಾನವಾಗಿತ್ತು. ಆ ತೀರ್ಮಾನವನ್ನು ನಾನು ಒಪ್ಪಲಿಲ್ಲ.

ನಾನೊಂದು ಮರದ ಸಿಪಾಯಿ. ಊರು ಚನ್ನಪಟ್ಟಣ, ಮೈ ಹಾಲೆಮರದ್ದು, ಎತ್ತರ ಗೇಣಿಗೂ ಕಡಿಮೆ. ರಹಮತ್‌ಬಿ ಎಂಬಾಕೆ ನನ್ನನ್ನು ಲೇತಿಗೆ ಸಿಕ್ಕಿಸಿ ಗರಗರ ತಿರುಗಿಸಿದಳು. ಉಳಿ ತಾಗಿದಲ್ಲೆಲ್ಲ ಬಿಳಿ ಸುರುಳಿಗಳು ಹಾರಿದವು. ಮೊದಲು ಟೋಪಿ ಬಂತು, ಆಮೇಲೆ ಕತ್ತು, ಆಮೇಲೆ ಹೊಟ್ಟೆ. ತಿರುಗುತ್ತಿರುವಾಗಲೇ ಅವಳು ಅರಗಿನ ಕಡ್ಡಿ ಒತ್ತಿದಳು. ಉಜ್ಜಿದ ಬಿಸಿಗೆ ಅರಗು ಕರಗಿ ನನ್ನ ಮೈಗೆ ನೀಲಿ ಕೋಟು, ತಲೆಗೆ ಕೆಂಪು ಟೋಪಿ ಹತ್ತಿಕೊಂಡವು. ತಾಳೆಗರಿಯಿಂದ ತಿಕ್ಕಿದಾಗ ನನ್ನ ಹೊಳಪಿಗೆ ನನಗೇ ನಾಚಿಕೆಯಾಯಿತು.

ಕೊನೆಗೆ ಪಾದ. ಅಲ್ಲಿಗೆ ಬರುವ ಹೊತ್ತಿಗೆ ಪಕ್ಕದ ಲೇತಿನವಳು ಏನೋ ತಮಾಷೆ ಮಾಡಿದಳು. ರಹಮತ್‌ಬಿ ಅತ್ತ ತಿರುಗಿ ನಕ್ಕಳು, ಉಳಿ ಬೇಗ ಆಚೆ ಬಂತು. ನನ್ನ ಪಾದ ಕೊರೆಯಬೇಕಾದಷ್ಟು ಕೊರೆಯದೆ ಅಗಲವಾಗಿಯೇ ಉಳಿದುಬಿಟ್ಟಿತು.

"ಇವನಿಗೇನೇ, ಆನೆಕಾಲು ರೋಗವಾ?" ಎಂದಳು ಪಕ್ಕದವಳು.

"ಇರಲಿ ಬಿಡು. ಒಬ್ಬನಾದ್ರೂ ಗಟ್ಟಿಯಾಗಿ ನಿಲ್ಲಲಿ," ಎಂದು ರಹಮತ್‌ಬಿ ನನ್ನನ್ನು ಬುಟ್ಟಿಗೆ ಹಾಕಿದಳು.

ನಾನು ಮತ್ತು ನನ್ನಂಥ ಇನ್ನಷ್ಟು ಸಿಪಾಯಿಗಳು, ಜೊತೆಗೊಂದು ಚೆಂಡು, ಒಂದೇ ಡಬ್ಬಿಯಲ್ಲಿ ಮೈಸೂರಿಗೆ ಹೋದೆವು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸದಲ್ಲಿದ್ದ ವನಜತ್ತೆ ತನ್ನ ತಮ್ಮನ ಮಗಳು ಪಾವನಿಗೆ ಹುಟ್ಟುಹಬ್ಬಕ್ಕೆಂದು ನಮ್ಮನ್ನು ಕೊಂಡಿದ್ದಳು. ಪಾವನಿ ಚೆಂಡು ಉರುಳಿಸಿದಳು. ನನ್ನ ಜೊತೆಯವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ನಾನು ಆಚೆ ವಾಲಿದೆ, ಈಚೆ ವಾಲಿದೆ, ನಿಂತೆ. ಬೇರೆ ಮಕ್ಕಳಾಗಿದ್ದರೆ ಚೆಂಡು ತಂದು ಇನ್ನೊಮ್ಮೆ ಹೊಡೆಯುತ್ತಿದ್ದರು. ಪಾವನಿ ಹತ್ತಿರ ಬಂದು, ನೆಲಕ್ಕೆ ಕೆನ್ನೆಯಿಟ್ಟು ನನ್ನನ್ನು ನೋಡಿದಳು. ಬಿದ್ದವರನ್ನೆಲ್ಲ ಎಬ್ಬಿಸಿ ನನ್ನ ಹಿಂದೆ ಸಾಲಾಗಿ ನಿಲ್ಲಿಸಿದಳು. ಚೆಂಡು ಮಂಚದಡಿಗೆ ಹೋದದ್ದು ಅಲ್ಲೇ ಉಳಿಯಿತು.

ನೆಂಟರು ಬಂದರೆ ಅವಳು ಬಾಗಿಲ ಹಿಂದೆ. ನೆಂಟರು ಹೋದರೆ ನಮ್ಮ ಮುಂದೆ. ಹೊರಗೆ ಆಡದ ಮಾತೆಲ್ಲ ನಮ್ಮ ಹತ್ತಿರ ಆಡುತ್ತಿದ್ದಳು.

ದೊಡ್ಡವಳಾದ ಮೇಲೆ ಮಾಮೂಲಿನಂತೆ ನಾವು ಡಬ್ಬಿ ಸೇರಿದೆವು. ಆದರೆ ಕಾಲೇಜಿನ ಗೆಳತಿಯೊಬ್ಬಳು ಅವಳಿಗೊಂದು ಆಟ ಹೇಳಿಕೊಟ್ಟಳು. ಮೇಜಿನ ಮೇಲೆ ಆಡುವ ಯುದ್ಧದ ಆಟ ಅದು. ಬೆಟ್ಟ, ಹೊಳೆ, ಕೋಟೆಗಳನ್ನು ಮೇಜಿನ ಮೇಲೆಯೇ ಕಟ್ಟಬೇಕು. ಟೇಪು ಹಿಡಿದು ಅಳೆದು ಸೈನ್ಯ ನಡೆಸಬೇಕು. ಗುಂಡು ತಾಗಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಉಳಿದವರು ವಿದೇಶದಿಂದ ಪ್ಲಾಸ್ಟಿಕ್ ಸೈನಿಕರನ್ನು ತರಿಸಿಕೊಳ್ಳುತ್ತಿದ್ದರು. ಪಾವನಿ ನಮ್ಮನ್ನು ಡಬ್ಬಿಯಿಂದ ಇಳಿಸಿದಳು. ಬಿಸ್ಕೆಟ್ ಪೊಟ್ಟಣಗಳು ಕೋಟೆಯಾದವು, ನೆನೆಸಿ ರುಬ್ಬಿದ ಪೇಪರು ಬೆಟ್ಟವಾಯಿತು, ಟೈಲರ್ ಟೇಪು ನಮ್ಮ ರಸ್ತೆಯಾಯಿತು. ಉಗುರುಬಣ್ಣದಲ್ಲಿ ನನಗೆ ಮೀಸೆ ಬರೆದಳು, ತೋಳಿಗೆ ಪಟ್ಟಿ ಎಳೆದಳು. ನಾನು ಹವಾಲ್ದಾರನಾದೆ.

ಆಮೇಲೆ ಅವಳು ಬ್ಲಾಗ್ ಶುರು ಮಾಡಿದಳು. ಹೆಸರು 'ಕಟ್ಟೆಮನೆ'. ಚೌಕಾಬಾರದಲ್ಲಿ ಅಡ್ಡಗೀಟು ಹಾಕಿದ ಮನೆಗೆ ಕಟ್ಟೆ ಅನ್ನುತ್ತಾರೆ. ಅಲ್ಲಿ ಕೂತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ತನ್ನ ಹೆಸರು ಹಾಕದೆ 'ಕಟ್ಟೆಮನೆಯವಳು' ಎಂದಷ್ಟೇ ಬರೆದುಕೊಂಡಳು. ಬರೆಯುವಾಗ ತುಟಿ ಅಲ್ಲಾಡಿಸುತ್ತ ಓದಿಕೊಳ್ಳುವುದು ಅವಳ ಅಭ್ಯಾಸ, ನಾನು ಕೀಬೋರ್ಡಿನ ಪಕ್ಕ ಕಾವಲು. ಹಾಗಾಗಿ ಎಲ್ಲ ಬರಹವನ್ನೂ ಮೊದಲು ಕೇಳಿದವನು ನಾನೇ. ಪೇಪರಿನ ಬೆಟ್ಟ ಬಿರುಕು ಬಿಡದಂತೆ ಒಣಗಿಸುವುದು, ಅಳಗುಳಿಮಣೆಯಲ್ಲಿ ಹುಣಸೆಬೀಜ ಹಂಚುವ ಜಾಣತನ, ಇಸ್ಪೀಟಿನಲ್ಲಿ ಅಜ್ಜಂದಿರು ಮಾಡುವ ಮೋಸ, ಎಲ್ಲದರ ಬಗ್ಗೆಯೂ ಬರೆದಳು. ಯುದ್ಧದ ಆಟಕ್ಕೆ ಕನ್ನಡದ ಮಾತು ಬೇಕಾದಾಗ ಚೌಕಾಬಾರದಿಂದಲೇ ಎತ್ತಿಕೊಂಡಳು. ಸೈನಿಕ ಎಂದರೆ ಕಾಯಿ. ಶತ್ರುವನ್ನು ಹೊಡೆದರೆ ಕಡಿದಂತೆ.

ಹೀಗಿರುವಾಗ ಊರಿನಲ್ಲೇ ಕೆಲವರು ಒಂದು ಕೆಫೆಯ ಮಹಡಿಯಲ್ಲಿ ಸೇರಿ ಇದೇ ಆಟ ಆಡುತ್ತಾರೆಂದು ಗೊತ್ತಾಯಿತು. ಹೋಗಲೋ ಬೇಡವೋ ಎಂದು ಎಷ್ಟೋ ದಿನ ಒದ್ದಾಡಿ, ಒಂದು ಭಾನುವಾರ ನಮ್ಮನ್ನು ಚೀಲದಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದಳು. ಅಲ್ಲಿ ಮಿಥುನ್ ಎಂಬವನದೇ ಯಜಮಾನಿಕೆ. ಅವನ ಸೈನಿಕರಿಗೆ ಕೂದಲೆಳೆಯಂಥ ಈಟಿ, ಕಣ್ಣಿಗೆ ಕಣ್ಣಗುಡ್ಡೆ ಕೂಡ. ನನ್ನನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ.

"ಇದು ಚನ್ನಪಟ್ಟಣದ ಗೊಂಬೆ ಅಲ್ವಾ? ನಮ್ಮಕ್ಕನ ಮಗು ಹತ್ರನೂ ಇದೆ. ಕಚ್ಚುತ್ತೆ ಅದನ್ನ."

ಪಾವನಿ ನಕ್ಕಂತೆ ಮಾಡಿದಳು. ಬ್ಲಾಗ್ ಇದೆ ಎಂದು ಬಾಯಿತಪ್ಪಿ ಹೇಳಿದಳು. ಅವನು ಮೊಬೈಲಿನಲ್ಲಿ ತೆರೆದು ಗಟ್ಟಿಯಾಗಿ ಓದಿದ. "'ಶತ್ರುವಿನ ಕಾಯಿ ಕಡಿಯುವುದು ಹೇಗೆ?' ಏನ್ರೀ ಇದು, ಅಡುಗೆ ಬ್ಲಾಗಾ? ಕಾಯಿ ಕಡಿದಾಯ್ತು, ಒಗ್ಗರಣೆ ಯಾವಾಗ?"

ಮಹಡಿಯೆಲ್ಲ ನಕ್ಕಿತು. ಅಷ್ಟರಲ್ಲಿ ಯಾರೋ ಫ್ಯಾನು ಹಾಕಿದರು. ಆ ಗಾಳಿಗೆ ಮಿಥುನನ ಸೇನಾಪತಿ ಮಗುಚಿ ಬಿದ್ದ. ನಾನು ನಿಂತಿದ್ದೆ. ಅದನ್ನು ಯಾರೂ ನೋಡಲಿಲ್ಲ.

ಸಂಜೆಗೆ ಬ್ಲಾಗಿನ ಕೆಳಗೆ ಅದೇ ಸಾಲು ಬಂದು ಕೂತಿತ್ತು. 'ಕಾಯಿ ಕಡಿದಾಯ್ತು. ಒಗ್ಗರಣೆ ಯಾವಾಗ?' ಅದರ ಕೆಳಗೆ ಇನ್ನೊಬ್ಬ, 'ತೆಂಗಿನಕಾಯಿ ಸೈನ್ಯಕ್ಕೆ ಜಯವಾಗಲಿ'. ಪಾವನಿ ಲ್ಯಾಪ್‌ಟಾಪ್ ಮುಚ್ಚಿದಳು. ನಮ್ಮ ಡಬ್ಬಿಯನ್ನೂ ಮುಚ್ಚಿ ಬೀರುವಿನ ಮೇಲಿಟ್ಟಳು. ಕತ್ತಲಲ್ಲಿ ನನಗೆ ಸಿಟ್ಟು ಬಂದದ್ದು ಮಿಥುನನ ಮೇಲಲ್ಲ, ಆ ಮುಚ್ಚಳದ ಮೇಲೆ. ಅವಳು ಮತ್ತೆ ಬರೆಯದಿದ್ದರೆ ನಾನು ಮತ್ತೆ ಬರೀ ಬೀಳುವ ಗೊಂಬೆ. ಅವಳು ಮತ್ತೆ ಬಾಗಿಲ ಹಿಂದಿನ ಹುಡುಗಿ.

ದಸರಾ ಬಂತು. ಗೊಂಬೆ ಕೂರಿಸಲು ಡಬ್ಬಿಗಳನ್ನೆಲ್ಲ ಇಳಿಸುವಾಗ ನಮ್ಮದೂ ಅವುಗಳ ಜೊತೆ ಇಳಿಯಿತು. ನಿವೃತ್ತಳಾಗಿ ಪಕ್ಕದ ಬೀದಿಯಲ್ಲೇ ಇದ್ದ ವನಜತ್ತೆ ನಮ್ಮನ್ನು ಕಂಡವಳೇ, "ಅರೆ, ನಾನು ಕೊಡಿಸಿದ್ದು," ಎಂದು ಕೆಳಗಿನ ಮೆಟ್ಟಿಲಲ್ಲಿ ಪಹರೆಗೆ ನಿಲ್ಲಿಸಿದಳು. ಪಟ್ಟದ ಗೊಂಬೆಗಳ ಜೊತೆ ನಮಗೂ ಆರತಿಯಾಯಿತು. ವಿಜಯದಶಮಿಯ ಸಂಜೆ ಗೊಂಬೆ ಎತ್ತುವ ಮೊದಲು ಒಂದನ್ನು ಮಲಗಿಸುವುದು ಆ ಮನೆಯ ಪದ್ಧತಿ.

"ಪಾವನಿ, ಆ ಸಿಪಾಯಿನ ಮಲಗಿಸಮ್ಮ. ಕೈಗೆ ಹತ್ತಿರ ಇದಾನೆ," ಎಂದಳು ಅತ್ತೆ.

ಪಾವನಿಯ ಕೈ ನನ್ನ ಟೋಪಿಯ ಮೇಲೆ ಬಂದು ನಿಂತಿತು.

"ಅವನು ಬೇಡ ಅತ್ತೆ. ಬೇರೆ ಯಾರನ್ನಾದ್ರೂ ಮಲಗಿಸ್ತೀನಿ."

"ಯಾಕೆ, ಇವನೇನು ಡ್ಯೂಟಿ ಮೇಲಿದಾನಾ?"

"ಹೂಂ."

ಅತ್ತೆ ಕನ್ನಡಕದ ಮೇಲಿಂದ ನೋಡಿದಳು. "ಸರಿ, ಆ ಶೆಟ್ಟರ ಗೊಂಬೆನ ಮಲಗಿಸು. ಹೊಟ್ಟೆ ಹೊತ್ತುಕೊಂಡು ಕೂತು ಕೂತು ಅವರಿಗೂ ಸಾಕಾಗಿದೆ. ಆಮೇಲೆ ಇವನ ಡ್ಯೂಟಿ ಏನು ಅಂತ ನನಗೆ ತೋರಿಸು."

ಊಟದ ಮೇಜಿನ ಮೇಲೆ ಬಿಸ್ಕೆಟ್ ಕೋಟೆ ಎದ್ದಿತು. ಅರ್ಧ ಸೈನ್ಯ ಅತ್ತೆಗೆ, ಅರ್ಧ ಪಾವನಿಗೆ. ದಾಳ ಕಂಡು ಅತ್ತೆ ಮೂಗು ಮುರಿದು, ತನ್ನ ಕವಡೆ ತರಿಸಿಕೊಂಡಳು. ಚೌಕಾಬಾರದಲ್ಲಿ ಆ ಬೀದಿಯವರನ್ನೆಲ್ಲ ಅಳಿಸಿದ ಕೈ ಅದು. ಒಂದೊಂದೇ ಕಾಯಿ ಕಡಿಯುತ್ತ ಬಂದಳು. ಪಾವನಿ ನನ್ನನ್ನು ಎತ್ತಿ ಕೋಟೆಯೊಳಗಿಟ್ಟಳು.

"ಇವನು ಯಾಕೆ ಒಳಗೆ ಹೋದ?"

"ಅಲ್ಲಿ ಅವನಿಗೆ ಏನೂ ಆಗಲ್ಲ."

"ಒಂದು ಕಾಯಿನೂ ಕಡಿದಿಲ್ಲ ಇವನು. ಕಡಿಯದೆ ಒಳಮನೆಗೆ ಹೋಗೋದು ಯಾವ ಆಟದಲ್ಲಿದೆ?"

"ಇದು ಚೌಕಾಬಾರ ಅಲ್ಲ ಅತ್ತೆ."

"ಕಾಯಿ ಅಂದೆ, ಕಡಿ ಅಂದೆ. ಮಾತು ನಮ್ಮಾಟದ್ದು ಬೇಕು, ರೂಲ್ಸು ಮಾತ್ರ ಬೇಡವಾ?" ಅತ್ತೆ ಕವಡೆ ಕೆಳಗಿಟ್ಟಳು. "ನೀನೂ ಹಂಗೇ ಮಾಡಿದೀಯ ಬಿಡು. ನಿಮ್ಮಮ್ಮ ಹೇಳಿದ್ಲು. ಏನೋ ಬರೀತಿದ್ದೆ, ಯಾರೋ ನಕ್ಕರು, ನೀನು ಒಳಮನೆ ಸೇರಿಕೊಂಡೆ. ಏನಂತ ನಕ್ಕರು?"

ಪಾವನಿ ಮೇಜಿನ ಅಂಚು ನೋಡುತ್ತ ಹೇಳಿದಳು. "ಕಾಯಿ ಕಡಿದಾಯ್ತು, ಒಗ್ಗರಣೆ ಯಾವಾಗ ಅಂತ."

ಅತ್ತೆ ನಕ್ಕುಬಿಟ್ಟಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಪಾವನಿಯ ಕಣ್ಣು ತುಂಬಿತು.

"ನಾನೂ ನಕ್ಕೆ, ಏನೀಗ? ಮಾತು ಚೆನ್ನಾಗಿದೆ ಕಣೇ," ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎಕ್ಸ್‌ಚೇಂಜಲ್ಲಿ ನನಗೆ ಎಂಥೆಂಥವರು ಬೈದಿದಾರೆ ಗೊತ್ತಾ? ಲೈನ್ ಕಟ್ ಮಾಡ್ತಿರಲಿಲ್ಲ. ಅವನು ಪ್ರಶ್ನೆ ಕೇಳಿದಾನೆ. ನೀನು ಉತ್ತರ ಕೊಟ್ಟಿಲ್ಲ. ಅಷ್ಟೇ ಬಾಕಿ."

ಪಾವನಿ ನನ್ನನ್ನು ಕೋಟೆಯಿಂದ ಹೊರಗೆ ತೆಗೆದಳು. ಟೇಪು ಎಳೆದು ಅಳೆದಳು. ಕವಡೆ ಹಾಕಿದಳು. ಎಲ್ಲಕ್ಕಿಂತ ದೊಡ್ಡ ಗರ, ಬಾರ ಬಿತ್ತು. ನಾನು ಅತ್ತೆಯ ಸೇನಾಪತಿಯ ಎದುರು ಹೋಗಿ ನಿಂತೆ.

"ಕಡಿ," ಎಂದಳು ಅತ್ತೆಯೇ.

ಮರುದಿನ ಮಧ್ಯಾಹ್ನ ಲ್ಯಾಪ್‌ಟಾಪ್ ತೆರೆಯಿತು. ಬ್ಲಾಗಿನ ಪಾಸ್‌ವರ್ಡ್ ಮರೆತುಹೋಗಿತ್ತು, ಅದಕ್ಕೇ ಅರ್ಧ ಗಂಟೆ ಹೋಯಿತು. ಆಮೇಲೆ ಅವಳ ತುಟಿ ಅಲ್ಲಾಡತೊಡಗಿತು. ಬರಹದ ಹೆಸರು 'ಒಗ್ಗರಣೆ ಈಗ'.

'ಇಷ್ಟು ದಿನ ಬರೆಯಲಿಲ್ಲ. ಯಾರೋ ನಕ್ಕಿದ್ದಕ್ಕೆ ಹೆದರಿ ಒಳಗೆ ಕೂತಿದ್ದೆ. ನಮ್ಮ ಆಟದಲ್ಲಿ ಕಡಿಯದೆ ಒಳಗೆ ಹೋಗುವಂತಿಲ್ಲವಂತೆ, ಅದಕ್ಕೆ ಹೊರಗೆ ಬಂದಿದ್ದೇನೆ. ಇಲ್ಲಿ ಸೈನಿಕನನ್ನು ಕಾಯಿ ಎಂದೇ ಕರೆಯುತ್ತೇನೆ. ನನ್ನ ಸೈನ್ಯ ಮರದ್ದು. ಯಾವ ಸೈನ್ಯದ ಬದಲಿಗೂ ಅವರು ನಿಂತಿಲ್ಲ. ಅವರೇ ಸೈನ್ಯ.'

ಮೇಲೆ ನನ್ನ ಚಿತ್ರ ಹಾಕಿದಳು, ಅಗಲ ಪಾದ ಸಮೇತ. ಕೆಳಗೆ 'ಕಟ್ಟೆಮನೆಯವಳು' ಎಂದು ಬರೆದು, ಅಳಿಸಿ, 'ಪಾವನಿ' ಎಂದು ಬರೆದಳು. 'ಪ್ರಕಟಿಸು' ಒತ್ತಿದಳು.

ಸಂಜೆಯೊಳಗೆ ಮಿಥುನನ ಪ್ರತಿಕ್ರಿಯೆ ಬಂತು. 'ಮತ್ತೆ ಬಂತು ತೆಂಗಿನಕಾಯಿ ಸೈನ್ಯ.' ಪಾವನಿ ಈ ಸಲ ಮುಚ್ಚಲಿಲ್ಲ. 'ಬಂತು. ಭಾನುವಾರ ನಮ್ಮ ಮನೆಗೆ ಬನ್ನಿ. ನನ್ನ ಕಾಯಿ, ನಿಮ್ಮ ಪ್ಲಾಸ್ಟಿಕ್ಕು. ಫ್ಯಾನು ಹಾಕಿರುತ್ತೇನೆ,' ಎಂದು ಉತ್ತರಿಸಿದಳು. ಹಾಗಾದರೆ ಅವಳು ಅಂದು ನೋಡಿದ್ದಳು. ನನಗೆ ಅದೊಂದು ಸಾಕಾಯಿತು.

ಮಿಥುನ್ ಬಂದ. ಮೊದಲ ಆಟ ಗೆದ್ದ, ಮುಂದಿನದು ಸೋತ. ಆಟದ ಭರದಲ್ಲಿ ಮೇಜಿನಡಿ ಬಗ್ಗಿ, "ನನ್ನ ಕಾಯಿ ಎಲ್ಲಿ ಬಿತ್ತು?" ಎಂದು ಹುಡುಕಿದ. ತಾನು ಏನೆಂದೆ ಎಂಬುದು ಅವನಿಗೆ ತಿಳಿಯಲಿಲ್ಲ. ಪಾವನಿ ಹೇಳಲೂ ಇಲ್ಲ. ಕಾಫಿ ತಂದ ವನಜತ್ತೆ ಮಾತ್ರ, "ಕಾಯಿ ಸಿಕ್ಕಿದ ಮೇಲೆ ಹೇಳಪ್ಪ, ಒಗ್ಗರಣೆಗೆ ಇಡ್ತೀನಿ," ಎಂದಳು.

ಈಗ ನನಗೆ ವಯಸ್ಸಾಗಿದೆ. ಮೀಸೆ ಅಳಿಸಿಹೋಗಿದೆ, ಟೋಪಿಯ ಅರಗು ಎದ್ದಿದೆ, ಹೊಟ್ಟೆಯಲ್ಲೊಂದು ಸೀಳು. ಯುದ್ಧಕ್ಕೆ ಕಿರಿಯರು ಹೋಗುತ್ತಾರೆ. ನಾನು ಲ್ಯಾಪ್‌ಟಾಪಿನ ಪಕ್ಕ ನಿಂತು ಅವಳ ತುಟಿ ಓದುತ್ತೇನೆ. ನಗುವವರು ಇನ್ನೂ ಇದ್ದಾರೆ. ಅವಳು ಬರೆಯುತ್ತಲೇ ಇದ್ದಾಳೆ.

ಚೌಕಾಬಾರದಲ್ಲಿ ನಡುಮನೆ ಮುಟ್ಟಿದ ಕಾಯಿ ಹಣ್ಣಾಗುತ್ತದೆ. ಅಲ್ಲಿಗೆ ಅದರ ಆಟ ಮುಗಿದಂತೆ. ಮೊನ್ನೆ ವನಜತ್ತೆ ನನ್ನ ಸೀಳನ್ನು ಬೆರಳಿನಿಂದ ಸವರಿ, "ಇವನು ಹಣ್ಣಾದ ಬಿಡೇ. ಇನ್ನು ಡಬ್ಬಿಗೆ ಹಾಕು," ಎಂದಳು.

ಪಾವನಿ ಟೈಪು ಮಾಡುವುದನ್ನು ನಿಲ್ಲಿಸದೆಯೇ ಹೇಳಿದಳು. "ಇಲ್ಲ ಅತ್ತೆ. ಅವನಿನ್ನೂ ಕಾಯಿ."

ಆ ಚೆಂಡು ಈಗಲೂ ಮಂಚದಡಿಯಲ್ಲೇ ಎಲ್ಲೋ ಇರಬೇಕು. ಬರುವುದಾದರೆ ಬರಲಿ.