ಕರೆಂಟಣ್ಣನ ಕೊನೇ ಮಾತು

ಕುರ್ಚಿಗಳು ಸಾಲದೆ, ಎದುರುಮನೆಯವನೂ ಅವನ ಭಾವನೂ ಸೇರಿ ಶೆಡ್ಡಿನಿಂದ, ರಿಪೇರಿಗೆ ಬಂದಿದ್ದ ಕೆಂಪು ಕಾರಿನ ಹಿಂದಿನ ಸೀಟನ್ನೇ ಹೊತ್ತು ತಂದು ಅಂಗಳದ ಗೋಡೆಗೆ ಒರಗಿಸಿದರು. ಸತ್ತವನೇ ಹಿಂದಿನ ದಿನ ಕೈಯಾರೆ ಬಿಚ್ಚಿಟ್ಟಿದ್ದ ಸೀಟು ಅದು. ಸತ್ತವನ ಅಕ್ಕ, ಎಲ್ಲರೂ ದೊಡ್ಡಕ್ಕ ಎನ್ನುವವಳು, ಅದರ ಮೇಲೆ ಕೂತಳು. ಅದು ಅಷ್ಟೊಂದು ತಗ್ಗಿದ್ದೀತೆಂದು ಎಣಿಸಿರದೆ ಒಮ್ಮೆ ಹಿಂದಕ್ಕೆ ವಾಲಿ, ಸಾವರಿಸಿಕೊಂಡು, ತಮ್ಮನ ಹೆಂಡತಿಯನ್ನು ಕೈಸನ್ನೆ ಮಾಡಿ ಕರೆದಳು.

"ಚಿಕ್ಕಿ, ಇಲ್ಲಿ ಬಾ. ಇನ್ನೊಂದ್ಸಲ ಹೇಳು. ಕೊನೇಗೆ ಏನಂದ ಅವನು?"

ಚಿಕ್ಕಿಗೆ ಬೆಳಗಿನಿಂದ ಇದೇ ಆಗಿತ್ತು. ಬಂದವರೆಲ್ಲ ಒಳಗೆ ಹೋಗಿ, ನಡುಮನೆಯಲ್ಲಿ ಮಲಗಿಸಿದ್ದ ಕರೆಂಟಣ್ಣನ ಮುಖ ನೋಡಿ, ಕಣ್ಣೊರೆಸಿಕೊಂಡು ಹೊರಬಂದು ಕೇಳುತ್ತಿದ್ದುದು ಅದೊಂದೇ. ಗಂಡ ಹೋದದ್ದು ಇನ್ನೂ ಅವಳ ತಲೆಗೆ ಇಳಿದಿರಲಿಲ್ಲ. ಅಷ್ಟರಲ್ಲೇ ಅವನ ಮಾತು ಹತ್ತು ಬಾಯಿ ಸುತ್ತಿ ಬಂದಿತ್ತು.

"'ಹಳೇದರಲ್ಲಿ ಕಸುವಿಲ್ಲ ಕಣೆ, ಹೊಸದು ಎಳೀಬೇಕು. ಆದ್ರೆ ಹಳೇದನ್ನ ಕಿತ್ತು ಹಾಕಲ್ಲ. ಹಳೇದು ಹೇಳಿದ್ರೇನೇ ಹೊಸದು ಕೆಲಸ ಮಾಡೋದು.' ಅಷ್ಟೇ ಅಂದಿದ್ದು."

ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರು ತಲೆದೂಗಿದರು. "ಅವನಿಗೆ ಮುಂಚೇನೇ ಗೊತ್ತಾಗಿತ್ತು. ಹಳೇದು ಅಂದ್ರೆ ಈ ದೇಹ."

"ಹಾಗಾದ್ರೆ ಕಿತ್ತು ಹಾಕಲ್ಲ ಅಂದಿದ್ದು?" ಎದುರುಮನೆಯವನು ಕೇಳಿದ.

ಮೇಷ್ಟ್ರು ಯೋಚನೆಗೆ ಬಿದ್ದರು. "ಅದನ್ನ ನೋಡ್ಬೇಕು."

"ದೇಹಾನೂ ಇಲ್ಲ, ಗೀಹಾನೂ ಇಲ್ಲ," ಎಂದಳು ದೊಡ್ಡಕ್ಕ. "ಹಳೇದು ಅಂದ್ರೆ ಮೊದಲ್ನೇ ಹೆಂಡ್ತಿ. ಅವಳಂತೂ ಹೋದ್ಳು, ಅವಳ ಮಗಳಿದ್ದಾಳಲ್ಲ. ಇನ್ಮೇಲೆ ಈ ಮನೇಲಿ ಮಗಳು ಹೇಳಿದ ಹಾಗೆ ನೀನು ಕೇಳ್ಕೊಂಡಿರು ಅಂತ ಹೇಳಿ ಹೋಗಿದ್ದಾನೆ. ಇಷ್ಟು ಬಿಡಿಸಿ ಹೇಳಿದ್ರೂ ಅರ್ಥ ಆಗ್ಲಿಲ್ಲ ಅಂದ್ರೆ ಹೇಗೆ?"

ಮಗಳು ಗೇಟಿನ ಬಳಿ ನಿಂತು, ಹೆಣ ಒಯ್ಯುವ ವ್ಯಾನಿನವನಿಗೆ ಫೋನಿನಲ್ಲಿ ದಾರಿ ಹೇಳುತ್ತಿದ್ದಳು. ತಿರುಗಿ ನೋಡಲಿಲ್ಲ. ಆದರೆ ಮಾತು ನಡುವೆಯೇ ನಿಂತಿತು. ಅತ್ತ ಕಡೆಯವನು "ಹಲೋ, ಎಡಕ್ಕೋ ಬಲಕ್ಕೋ?" ಎಂದು ಕೂಗುವುದು ಚಿಕ್ಕಿಗೂ ಕೇಳಿಸಿತು.

*

ಚಿಕ್ಕಿ ಈ ಮನೆಗೆ ಬಂದಾಗ ಮಗಳು ಇನ್ನೂ ಎರಡು ಜಡೆಯ ಹುಡುಗಿ. "ನಾನು ನಿನ್ನ ಅಮ್ಮ ಅನ್ನಲ್ಲ," ಎಂದಿತ್ತು ಮೊದಲ ದಿನವೇ. "ಅನ್ಬೇಡ ಬಿಡು," ಎಂದಿದ್ದಳು ಇವಳು. ಚಿಕ್ಕಿ ಎಂದು ಕರೆಯಿತು. ಬರುಬರುತ್ತ ಬೀದಿಗೆಲ್ಲ ಅವಳು ಚಿಕ್ಕಿಯೇ ಆದಳು.

ಮಲಗುವ ಕೋಣೆಯಲ್ಲಿ ಮೊದಲನೆಯವಳ ಬೀರು ಇತ್ತು. ಅದನ್ನು ಖಾಲಿ ಮಾಡಿ ಎಂದು ಹೇಳಲು ಚಿಕ್ಕಿಗೆ ಬಾಯಿ ಬರಲಿಲ್ಲ. ಖಾಲಿ ಮಾಡಲು ಗಂಡನಿಗೆ ಕೈ ಬರಲಿಲ್ಲ. ಒಂದು ಸಂಜೆ ಹೊಸ ಬೀರು ತಂದು ಅದರ ಪಕ್ಕದಲ್ಲೇ ನಿಲ್ಲಿಸಿದ. ಅಂದಿನಿಂದ ಆ ಕೋಣೆಯ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ. ಮೂವರೂ ಮೈ ಓರೆ ಮಾಡಿಕೊಂಡೇ ಒಳಹೋಗುವುದನ್ನು ರೂಢಿ ಮಾಡಿಕೊಂಡರು. ಈಗ ಮಗಳು ಶಾಲಾ ವ್ಯಾನು ಓಡಿಸುತ್ತಾಳೆ, ಮದುವೆಯಾಗಿ ಹಿಂದಿನ ಬೀದಿಯಲ್ಲೇ ಇದ್ದಾಳೆ. ಬಂದಾಗಲೆಲ್ಲ ಓರೆಯಾಗಿಯೇ ಹೊಕ್ಕು ಅಮ್ಮನ ಬೀರುವನ್ನು ಒಮ್ಮೆ ಸವರಿ ಹೋಗುತ್ತಾಳೆ.

ಕರೆಂಟಣ್ಣ ಶೆಡ್ಡಿನಲ್ಲಿ ಲಾರಿ, ಟೆಂಪೋಗಳ ದೀಪ, ಹಾರ್ನು ಸರಿಮಾಡುತ್ತಿದ್ದ. ಮನೆಯಲ್ಲಿ ಮಾತಿಗೂ ಮೀಟರ್ ಓಡುತ್ತದೆ ಎನ್ನುವಂತೆ ಇರುತ್ತಿದ್ದ. ಕೆಲಸದ ಮಾತನ್ನಂತೂ ಹೊಸ್ತಿಲು ದಾಟಿಸಿದವನಲ್ಲ. ಆ ಕೆಂಪು ಕಾರಿನಂಥದು ಅವನ ಕೈಗೆ ಬಂದದ್ದು ಇದೇ ಮೊದಲು. ಬಂದಾಗಿನಿಂದ ಊಟದ ತಟ್ಟೆಯ ಮುಂದೆಯೂ ಬೆರಳಿನಲ್ಲಿ ಗೆರೆ ಎಳೆಯುತ್ತ ಕೂರುತ್ತಿದ್ದ.

ನಿನ್ನೆ ಚಿಕ್ಕಿ ಟೀ ಒಯ್ದಾಗ ಅವನು ಕಾರಿನೊಳಗೆ ಮೊಣಕಾಲೂರಿ, ಹಿಂದಿನ ಸೀಟು ಇದ್ದ ಜಾಗದ ರಂಧ್ರದೊಳಗೆ ಬಗ್ಗಿ ನೋಡುತ್ತಿದ್ದ. ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ತಲೆ ಎತ್ತದೆಯೇ ಆ ಮಾತು ಹೇಳಿದ. ಅವಳು, "ಟೀ ಆರತ್ತೆ," ಎಂದು ಬಂದುಬಿಟ್ಟಳು. ಮತ್ತೆ ಲೋಟ ತರಲು ಹೋದಾಗ ಟೀ ಹಾಗೇ ಇತ್ತು. ಅವನು ಮುಂಗೈ ಮೇಲೆ ತಲೆಯಿಟ್ಟು ಬೋರಲಾಗಿದ್ದ.

*

ಕಾರಿನ ಯಜಮಾನ ಹಲ್ಲಿನ ಡಾಕ್ಟರು. ಅವರು ಬಂದಾಗ ದೊಡ್ಡಕ್ಕನ ವ್ಯಾಖ್ಯಾನ ಅಡುಗೆಮನೆಯವರೆಗೂ ಮುಟ್ಟಿತ್ತು. ಒಳಗೆ ಹೋಗಿ ಕೈಮುಗಿದು ಬಂದು, ತಮ್ಮ ಸೀಟಿನ ಮೇಲೆ ಕೂತಿದ್ದ ದೊಡ್ಡಕ್ಕನನ್ನು ಕಂಡು ಪಕ್ಕಕ್ಕೆ ಸರಿದು ನಿಂತರು. ಅಷ್ಟರಲ್ಲಿ ದೂರದಿಂದ ಬಂದ ನೆಂಟನೊಬ್ಬನಿಗೆ ಎದುರುಮನೆಯವನು ಕೊನೇ ಮಾತನ್ನು ಒಪ್ಪಿಸತೊಡಗಿದ. ಡಾಕ್ಟರು ಹುಬ್ಬೇರಿಸಿದರು.

"ಅದು ವೈರಿನ ವಿಷಯ," ಎಂದರು.

"ಏನು?" ಎಂದಳು ದೊಡ್ಡಕ್ಕ.

"ನನ್ನ ಕಾರಿನ ಪೆಟ್ರೋಲ್ ಪಂಪಿನ ವೈರು. ಇದರಲ್ಲಿ ಟರ್ಬೊ ಅಂತ ಒಂದಿದೆ, ಎಂಜಿನ್ನಿಗೆ ಗಾಳಿ ತುರುಕತ್ತೆ. ಗಾಳಿ ಜಾಸ್ತಿ ಆದ್ರೆ ಪೆಟ್ರೋಲೂ ಜಾಸ್ತಿ ಬೇಕು. ಪಂಪ್ ಇರೋದು ಹಿಂದೆ, ಬ್ಯಾಟರಿ ಮುಂದೆ. ಹಳೇ ವೈರು ತೆಳ್ಳಗೆ. ಅಲ್ಲಿಂದ ಇಲ್ಲಿಗೆ ಬರೋಷ್ಟರಲ್ಲಿ ಕರೆಂಟು ಸುಸ್ತಾಗಿರತ್ತೆ. ಜೋರಾಗಿ ಹೋದ್ರೆ ಕಾರು ಬಿಕ್ಕಳಿಸ್ತಿತ್ತು. ಅದಕ್ಕೆ ಬ್ಯಾಟರಿಯಿಂದ ನೇರ ದಪ್ಪ ವೈರು ಎಳೀರಿ ಅಂದೆ."

"ಹಳೇದನ್ನ?" ಚಿಕ್ಕಿ ಕೇಳಿದಳು. ಅವಳ ದನಿ ಅವಳಿಗೇ ಪರಕೀಯವಾಗಿ ಕೇಳಿಸಿತು.

"ಕತ್ತರಿಸಿ ಬಿಸಾಕಿ ಅಂದೆ ನಾನು. ಅವರು ಒಪ್ಪಲಿಲ್ಲ. ಮಧ್ಯೆ ರಿಲೇ ಅನ್ನೋ ಒಂದು ಸ್ವಿಚ್ಚು ಕೂರಿಸ್ತೀನಿ, ಹಳೇ ವೈರು ಅದಕ್ಕೆ ಶುರು ಮಾಡು, ನಿಲ್ಲಿಸು ಅಂತ ಹೇಳ್ಲಿ, ಹೊಸದು ಭಾರ ಹೊರಲಿ ಅಂದ್ರು. ಎಲ್ಲಾದ್ರೂ ಗುದ್ದಿ ಕಾರು ನಿಂತ್ರೆ ಪಂಪೂ ನಿಲ್ಬೇಕಲ್ಲ, ಅದು ಹಳೇ ವೈರಿಗೇ ಗೊತ್ತಾಗೋದು."

ಮೇಷ್ಟ್ರು, "ವೈರು..." ಎಂದು ಮೆಲ್ಲಗೆ ತಮಗೆ ತಾವೇ ಅಂದುಕೊಂಡರು. ದೊಡ್ಡಕ್ಕ ಸೀಟಿನಿಂದ ಏಳಲು ನೋಡಿದಳು, ಆಗಲಿಲ್ಲ.

ಚಿಕ್ಕಿಗೆ ನಗು ಬಂತು. ಬಾಯಿಗೆ ಕೈ ಅಡ್ಡ ಹಿಡಿದರೂ ನಿಲ್ಲಲಿಲ್ಲ. ಯಾರೋ ನೀರು ತನ್ನಿ ಎಂದರು. ನಗುತ್ತಲೇ ಅವಳಿಗೆ ಅಳುವೂ ಬಂತು, ಯಾವುದು ಯಾವುದೆಂದು ಅವಳಿಗೂ ಗೊತ್ತಾಗಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು; ಅದರ ಜೊತೆಗೆ ಇನ್ನೇನೋ ಕೈಬಿಟ್ಟು ಹೋದಂತೆಯೂ ಆಗಿತ್ತು. ಬರೀ ವೈರಾ? ವೈರಿನ ಮಾತಾದರೆ ಡಾಕ್ಟರಿಗೆ ಹೇಳಬಹುದಿತ್ತು, ಒಂದು ದಿನವೂ ಕೆಲಸದ ಸುದ್ದಿ ಎತ್ತದವರು ನನಗ್ಯಾಕೆ ಹೇಳಿದರು? 'ಕಣೆ' ಅಂತ ಬೇರೆ ಅಂದರಲ್ಲ?

"ಚಿಕ್ಕಿ, ಉಸಿರು ತಗೋ," ಎಂದು ಮಗಳು ಬಂದು ಬೆನ್ನು ಸವರಿದಳು. "ನಾನು ಅಮ್ಮನ ಬೀರುವಿನ ವಿಷಯ ಅಂದ್ಕೊಂಡಿದ್ದೆ," ಎಂದಳು ಸಣ್ಣಗೆ. "ನಿನ್ನೆಯಿಂದ ಅದೇ ತಲೇಲಿ."

"ಇರಬಹುದೇನೋ," ಎಂದಳು ಚಿಕ್ಕಿ. "ನಂಗೆ ಗೊತ್ತಿಲ್ಲ ಕಣೆ."

ಡಾಕ್ಟರು ಈ ಗಡಿಬಿಡಿಯಲ್ಲಿ ನಿಲ್ಲಲಾರದೆ ಶೆಡ್ಡಿನ ಕಡೆ ಹೋಗಿದ್ದರು. ಕಾರಿನೊಳಗೆ ಬಗ್ಗಿ, ಪಂಪಿನ ರಂಧ್ರದ ಪಕ್ಕದಲ್ಲಿ ಕೈಯಾಡಿಸಿ ಏನನ್ನೋ ಎತ್ತಿಕೊಂಡು ಬಂದರು. ಕರೆಂಟಣ್ಣನ ಕನ್ನಡಕ. ಅವನನ್ನು ಎತ್ತುವ ಗಾಬರಿಯಲ್ಲಿ ಯಾರೂ ನೋಡಿರಲಿಲ್ಲ. ಒಂದು ಕಡ್ಡಿಗೆ ಕಪ್ಪು ಟೇಪು ಸುತ್ತಿತ್ತು.

ಯಾರಿಗೆ ಕೊಡಬೇಕೆಂದು ತಿಳಿಯದೆ ಚಿಕ್ಕಿ, ಮಗಳು ಇಬ್ಬರ ನಡುವೆ ಹಿಡಿದರು. ಇಬ್ಬರ ಕೈಯೂ ಮುಂದೆ ಬಂದವು. ಇಬ್ಬರ ಕೈಯೂ ಹಿಂದೆ ಹೋದವು.

ಗೇಟಿನಲ್ಲಿ ವ್ಯಾನು ಬಂದು ನಿಂತಿತು. ಗಂಡಸರು ಒಳಗೆ ಹೋದರು. ಮಗಳು ಕನ್ನಡಕ ತೆಗೆದುಕೊಂಡು, ತನ್ನ ತೋಳಿನ ಬಟ್ಟೆಯಲ್ಲಿ ಉಜ್ಜಿ, ಚಿಕ್ಕಿಯ ಕೈಯಲ್ಲಿಟ್ಟಳು. ಚಿಕ್ಕಿ ಅದನ್ನು ಎಲ್ಲಿಡಬೇಕೆಂದು ಸುತ್ತ ನೋಡಿದಳು. ತೋಚಲಿಲ್ಲ. ಕಡ್ಡಿ ಬಿಡಿಸಿ ತನ್ನ ಕಣ್ಣಿಗೇ ಹಾಕಿಕೊಂಡಳು. ಪೆಟ್ರೋಲು ವಾಸನೆ ಹೊಡೆಯಿತು. ಅಂಗಳ, ಜನ, ಹೆಗಲ ಮೇಲೆ ಹೊರಬರುತ್ತಿದ್ದವನು, ಎಲ್ಲ ಕಲಸಿಹೋಗಿ ತೇಲಿದವು.

"ಏನಾದ್ರೂ ಕಾಣ್ತಿದ್ಯಾ?" ಮಗಳು ಕೇಳಿದಳು.

"ಇಲ್ಲ."

"ತೆಗಿ ಮತ್ತೆ, ಬೀಳ್ತೀಯ."

ಚಿಕ್ಕಿ ತೆಗೆಯಲಿಲ್ಲ. ಮಗಳು ಅವಳ ಮೊಣಕೈ ಹಿಡಿದಳು. "ಇಲ್ಲಿ ಮೆಟ್ಟಿಲಿದೆ," ಎಂದಳು. "ಈಗ ಸಮ. ಇನ್ನೊಂದು ಮೆಟ್ಟಿಲು. ನಿಧಾನ."